ಐದನೇ ಮಹಡಿ ಎಲ್ಲಿಂದ ಬಂತು?

ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ನನ್ನನ್ನು ಮರ್ಯಾದೆಯಿಂದ ಮಾತಾಡಿಸುತ್ತಿದ್ದವರು ಒಬ್ಬರೇ, ಟೆಲಿಫೋನ್ ಕಂಪನಿಯ ಮೇಡಂ. ಇಂಟರ್‌ನೆಟ್ ಕೈಕೊಟ್ಟಾಗಲೆಲ್ಲ ನಾನು ಕಂಪನಿಗೆ ಫೋನು ಹಚ್ಚುತ್ತಿದ್ದೆ. "ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು, ದಯವಿಟ್ಟು ನಿರೀಕ್ಷಿಸಿ" ಎಂದು ಆಕೆ ಹೇಳಿದರೆ ನಾನು "ಪರವಾಗಿಲ್ಲ ಮೇಡಂ, ನಿಧಾನಕ್ಕೆ ನೋಡಿ ಹೇಳಿ" ಎನ್ನುತ್ತಿದ್ದೆ. ನನ್ನ ಕರೆ ಅಮೂಲ್ಯವಾದದ್ದೆಂದು ನಮ್ಮ ಮನೆಯಲ್ಲೇ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಮಾಡಿದರೂ ಅವರೇ, ಸಂಜೆ ಮಾಡಿದರೂ ಅವರೇ, ಭಾನುವಾರವೂ ಅವರೇ. ಪಾಪ, ವಾರದ ರಜೆಯನ್ನೂ ಕೊಡದೆ ದುಡಿಸಿಕೊಳ್ಳುತ್ತಾರಲ್ಲ ಎಂದು ನನಗೆ ಕಂಪನಿಯ ಮೇಲೆ ಸಿಟ್ಟೂ ಬಂದಿತ್ತು. ಅದು ರೆಕಾರ್ಡು ಎಂಬುದು ತಲೆಗೆ ಹೋಗಲಿಲ್ಲವೇ ಎಂದು ಕೇಳಬೇಡಿ. ಹೋಯಿತು. ಸ್ವಲ್ಪ ತಡವಾಗಿ ಹೋಯಿತು, ಅದೂ ನಾಲ್ಕು ಜನರ ಎದುರಿಗೆ.

ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸಹಾಯಕನ ಕೆಲಸವಿದೆ ಎಂದು ಕೇಳಿ ಹೋಗಿದ್ದೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತದೆ, "ದಯವಿಟ್ಟು ನಿರೀಕ್ಷಿಸಿ" ಎಂದರು. ಅದೇ ದನಿ, ಅದೇ ಮೇಡಂ!

"ಮೇಡಂ, ಟೆಲಿಫೋನ್ ಕಂಪನಿ ಬಿಟ್ಟುಬಿಟ್ರಾ? ಒಳ್ಳೇ ಕೆಲಸ ಮಾಡಿದ್ರಿ. ಭಾನುವಾರಾನೂ ರಜೆ ಕೊಡ್ತಿರಲಿಲ್ಲ ಅವರು."

ಆಕೆ ಸೇಬನ್ನು ಪೂರ್ತಿ ಅಗಿದು ನುಂಗಿ, ಒಳಗಿನ ಕೋಣೆಯ ಕಡೆಗೆ ಕೂಗಿ ಹೇಳಿದರು: "ಬಾಸ್, ನಿಮಗೆ ಬೇಕಾಗಿದ್ದ ಕಿವಿ ಸಿಕ್ತು. ಮಿದುಳು ಆಮೇಲೆ ಹುಡುಕೋಣ."

ಕೆಲಸ ಸಿಕ್ಕಿತು, ಜೊತೆಗೆ ಹೆಸರೂ ಸಿಕ್ಕಿತು. ಅಂದಿನಿಂದ ಸ್ಟುಡಿಯೋದಲ್ಲಿ ನಾನು 'ಕಿವಿ'. ಹೆಡ್‌ಫೋನು ಹಾಕಿಕೊಂಡು ಕೂರುವುದೇ ನನ್ನ ಕೆಲಸವಾದ್ದರಿಂದ ಹೆಸರು ನನಗಿಂತ ಚೆನ್ನಾಗಿ ದುಡಿಯುತ್ತಿದೆ. ಆಕೆಯನ್ನು ಎಲ್ಲರೂ ಕರೆಯುವುದು ದನಿಯಕ್ಕ ಎಂದು. ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವವರು, ಅಂಗಡಿ ಮುಚ್ಚುವ ಹೊತ್ತಾಯಿತೆಂದು ಗಿರಾಕಿಗಳನ್ನು ನಯವಾಗಿ ಹೊರಗೆ ಕಳಿಸುವವರು, ನೀವು ಕರೆ ಮಾಡಿದ ನಂಬರು ಅಸ್ತಿತ್ವದಲ್ಲಿಲ್ಲ ಎಂದು ನಿಮ್ಮ ಆಸೆಗೆ ನೀರೆರಚುವವರು ಎಲ್ಲರೂ ಈ ಒಬ್ಬಾಕೆಯೇ.

ನಮ್ಮ ಸ್ಟುಡಿಯೋ ಎಂದರೆ ಒಂದೂವರೆ ಕೋಣೆ. ಅರ್ಧ ಕೋಣೆಯ ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದು ಅದರೊಳಗೆ ಮೈಕು ಇಟ್ಟಿದ್ದೇವೆ. ದನಿಯಕ್ಕ ಅದರೊಳಕ್ಕೆ ಹೋಗುವ ಮುಂಚೆ ಬಳೆ, ವಾಚು, ಕಿವಿಯ ಲೋಲಾಕು ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಡುತ್ತಾರೆ. ಚಪ್ಪಲಿ ಹೊರಗೆ. ಫ್ಯಾನು ಬಂದ್. ಬೇಸಿಗೆಯಲ್ಲಿ ಒಳಗಿನಿಂದ "ನಿಮ್ಮ ಪ್ರಯಾಣ ಸುಖಕರವಾಗಿರಲಿ" ಎಂಬ ತಣ್ಣನೆಯ ದನಿ ಬರುತ್ತಿರುತ್ತದೆ. ಗಾಜಿನಲ್ಲಿ ನೋಡಿದರೆ ಆಕೆ ಬೆವರಿನಲ್ಲಿ ತೊಯ್ದು ಹೋಗಿರುತ್ತಾರೆ.

ಇಂಗ್ಲಿಷಿನಲ್ಲಿ ಬಂದ ಯಾವ ಸಾಲನ್ನೂ ಆಕೆ ತಿದ್ದದೆ ಓದುವುದಿಲ್ಲ. ಮದುವೆಗೆ ಮುಂಚೆ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಯಾವ ಮಾತಿಗೆ ಆಚೆಯವರು "ಏನಂದ್ರಿ?" ಎಂದು ಮತ್ತೆ ಕೇಳುತ್ತಾರೆ, ಯಾವುದಕ್ಕೆ ಕೇಳುವುದಿಲ್ಲ ಎಂಬುದನ್ನು ಅಲ್ಲಿ ಕಿವಿಯಿಂದಲೇ ಕಲಿತರು. ಗಿರಾಕಿಗೆ ನೇರವಾಗಿ ತಪ್ಪು ಎಂದು ಹೇಳುವುದಿಲ್ಲ. ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿ, "ನಿಮ್ಮ ಇಂಗ್ಲಿಷ್ ಕನ್ನಡದಲ್ಲಿ ತುಂಬ ಚೆನ್ನಾಗಿದೆ" ಎನ್ನುತ್ತಾರೆ. ಅರ್ಧ ಜನ ಥ್ಯಾಂಕ್ಸ್ ಹೇಳಿ ಹೋಗಿಬಿಡುತ್ತಾರೆ.

ನನ್ನನ್ನು ಮಾತ್ರ ಅಷ್ಟು ನಯವಾಗಿ ತಿದ್ದಿದವರಲ್ಲ. ಒಮ್ಮೆ ಜ್ವರ ಬಂದಾಗ, "ಟುಡೇ ಐ ಆಮ್ ನಾಟ್ ಕಮಿಂಗ್ ಮೈಸೆಲ್ಫ್" ಎಂದು ಮೆಸೇಜು ಕಳಿಸಿದೆ. "ಸರಿ, ನಿನ್ನ ಬದಲಿಗೆ ಯಾರನ್ನ ಕಳಿಸ್ತಿದ್ದೀಯ?" ಎಂದು ಉತ್ತರ ಬಂತು. ಹೊಸ ಗಿರಾಕಿಯೊಬ್ಬರನ್ನು "ವಾಟ್ ಈಸ್ ಯುವರ್ ಗುಡ್ ನೇಮ್?" ಎಂದು ಕೇಳಿದಾಗ ಅವರು ಹೋಗುವವರೆಗೂ ಕಾದು, "ಬರೀ ನೇಮ್ ಸಾಕು ಕಣೋ. ಕೆಟ್ಟ ಹೆಸರು ಯಾರೂ ತಾವಾಗಿ ಹೇಳಲ್ಲ" ಎಂದರು. "ರಿಪೀಟ್ ಅಗೇನ್" ಎಂದು ಮೈಕಿನಲ್ಲಿ ಹೇಳಿದರೆ ಮುಗಿಯಿತು, ಬೇಕೆಂದೇ ಅದೇ ಸಾಲನ್ನು ಎರಡೆರಡು ಸಲ ಓದಿ ನನ್ನ ಊಟದ ಹೊತ್ತು ತಿನ್ನುತ್ತಾರೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ್ದೇನೆ ಎಂಬ ನನ್ನ ಕೋಡು ಹೀಗೆ ದಿನಕ್ಕಿಷ್ಟರಂತೆ ಸವೆದು ಈಗ ಬರೀ ತಲೆ ಉಳಿದಿದೆ.

ದನಿಯಕ್ಕನ ಮನೆಯಲ್ಲಿ ಆಕೆ ಮತ್ತು ಆಕೆಯ ಅತ್ತೆ ಇಬ್ಬರೇ. ಗಂಡನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ, ಬಂದರೆ ವರ್ಷಕ್ಕೊಮ್ಮೆ ಬಂದಾರು. ಮನೆ ಇರುವುದು ಐದನೇ ಮಹಡಿಯಲ್ಲಿ. ಅತ್ತೆಯವರಿಗೆ ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು ಬಿಟ್ಟರೆ ಏನೂ ತಿಳಿಯುವುದಿಲ್ಲ. ಅಷ್ಟಾದರೂ ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಾರೆ. "ನಾನೇನು ಹಸುಗೂಸಾ?" ಎಂಬುದು ಅವರ ಖಾಯಂ ಮಾತು. ಕಟ್ಟಡದ ಕೆಳಗೆ, ಬೈಕು ನಿಲ್ಲಿಸುವ ಜಾಗದ ಪಕ್ಕ, ಒಂದು ಸಿಮೆಂಟಿನ ಬೆಂಚಿದೆ. ಸಂಜೆಯಾದರೆ ಅಲ್ಲಿ ಅತ್ತೆಯವರ ವಯಸ್ಸಿನ ನಾಲ್ಕೈದು ಜನ ಸೇರಿ ಊರಿನವರನ್ನೆಲ್ಲ ಬಾಯಲ್ಲೇ ಒಗೆದು ಒಣಗಿಸುತ್ತಾರೆ. ಆ ಬೆಂಚು ಅತ್ತೆಯವರ ಪ್ರಾಣ.

ಕೆಳಗೆ ಹೋಗುವುದು ಸುಲಭ, ಲಿಫ್ಟಿನ ತೀರಾ ಕೆಳಗಿನ ಗುಂಡಿ ಒತ್ತಿದರೆ ಆಯಿತು. ಮೇಲೆ ಬರುವಾಗ ಮಾತ್ರ ಗ್ರಹಚಾರ. ನಡುವೆ ಯಾರೋ ಹತ್ತುತ್ತಾರೆ, ಯಾರೋ ಇಳಿಯುತ್ತಾರೆ, ಲೆಕ್ಕ ತಪ್ಪುತ್ತದೆ. ಒಂದು ಸಂಜೆ ಅತ್ತೆ ಮೂರನೇ ಮಹಡಿಯಲ್ಲಿ ಇಳಿದು, ತೆರೆದಿದ್ದ ಬಾಗಿಲೊಳಗೆ ನಡೆದು, ಸೋಫಾದ ಮೇಲೆ ಕೂತು, "ಯಾಕೇ ಸೋಫಾ ಗೋಡೆಗೆ ಎಳೆದಿದ್ದೀಯ? ನನ್ನನ್ನ ಕೇಳಬಾರ್ದಾ?" ಎಂದು ಗದರಿದ್ದಾರೆ. ಆ ಮನೆಯ ಮೇಷ್ಟ್ರು ಹೆದರಿ ಸೋಫಾವನ್ನು ಒಂದು ಗೇಣು ಮುಂದಕ್ಕೆ ಎಳೆದು, ಕಾಫಿ ಮಾಡಿ ಕೊಟ್ಟಿದ್ದಾರೆ. ಕಾಫಿ ಮುಗಿದ ಮೇಲೆ ಅತ್ತೆ "ಸಕ್ಕರೆ ಜಾಸ್ತಿ ಆಯ್ತು" ಎಂದಾಗಲೇ ಆತ ಬಾಯಿಬಿಟ್ಟು ನಿಜ ಹೇಳಿದ್ದು.

ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ಅಂದಿನಿಂದ ಅತ್ತೆ ಒಬ್ಬರೇ ಕೆಳಗಿಳಿಯುವುದು ಬಂದ್. ಬೆಂಚಿನವರು ಕೆಳಗಿನಿಂದ ಕೂಗುತ್ತಿದ್ದರು, ಅತ್ತೆ ಕಿಟಕಿಯಿಂದ ಉತ್ತರ ಕೊಡುತ್ತಿದ್ದರು. ಐದು ಮಹಡಿಯ ಎತ್ತರದಿಂದ ಗುಟ್ಟಿನ ಮಾತಾಡುವುದು ಹೇಗೆ ಹೇಳಿ. ಕಟ್ಟಡಕ್ಕೆ ಹೊಸ ಲಿಫ್ಟು ಬರುತ್ತದೆ, ಅದು ಇಂಗ್ಲಿಷಿನಲ್ಲಿ ಮಾತಾಡುತ್ತದೆ ಎಂದು ಗೊತ್ತಾದ ದಿನ ಅತ್ತೆ ಸೊಸೆಯಿಂದ ಒಂದೇ ಒಂದು ಇಂಗ್ಲಿಷ್ ಪದ ಕಲಿತರು: ಫಿಫ್ತ್. "ಫಿಫ್ತ್ ಅಂದ್ರೆ ನಮ್ಮನೆ" ಎಂದು ಉರುಹೊಡೆದರು.

ಆ ಲಿಫ್ಟಿನ ಮಾತು ರೆಕಾರ್ಡಾಗಬೇಕಿದ್ದದ್ದು ನಮ್ಮಲ್ಲೇ. ಲಿಫ್ಟ್ ಕಂಪನಿಯ ಸಾಹುಕಾರರು ಮಾತಾಡುವ ಡಬ್ಬಿಯನ್ನು ಮೊದಲ ಸಲ ಕೂರಿಸುತ್ತಿದ್ದರು. ಮಾತನ್ನು ತಾವೇ ಬರೆದು, ನಾಲ್ಕಾಗಿ ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮೆಕ್ಯಾನಿಕ್ ಆಗಿ ಶುರುಮಾಡಿದ ಮನುಷ್ಯ. ಈಗ ಬಿಳಿ ಅಂಗಿ ಹಾಕುತ್ತಾರೆ, ಆದರೆ ಉಗುರಿನ ಸಂದಿಯ ಗ್ರೀಸು ಇನ್ನೂ ಅವರನ್ನು ಬಿಟ್ಟಿಲ್ಲ. ಅಕ್ಕ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು:

"ರೆಸ್ಪೆಕ್ಟೆಡ್ ಸರ್ ಆರ್ ಮೇಡಂ, ಫಿಫ್ತ್ ಫ್ಲೋರ್ ಹ್ಯಾಸ್ ಕಮ್. ಕೈಂಡ್ಲಿ ಗೆಟ್ ಡೌನ್ ಸೇಫ್ಲಿ ಆಂಡ್ ಡೂ ದಿ ನೀಡ್‌ಫುಲ್."

ನಾನು ಹೆಡ್‌ಫೋನು ಸರಿಮಾಡಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

"ನಿಮ್ಮ ಇಂಗ್ಲಿಷ್ ಕನ್ನಡದಲ್ಲಿ ತುಂಬ ಚೆನ್ನಾಗಿದೆ" ಎಂದರು ಅಕ್ಕ.

"ಥ್ಯಾಂಕ್ಸ್ ಅಮ್ಮ" ಎಂದರು ಸಾಹುಕಾರರು.

"ಹಾಗಲ್ಲ. ಫ್ಲೋರ್ ಹ್ಯಾಸ್ ಕಮ್ ಅಂದ್ರೆ ಐದನೇ ಮಹಡಿ ಎಲ್ಲಿಂದ ಬಂತು? ಅದು ಅಲ್ಲೇ ಇತ್ತು. ಬಂದಿದ್ದು ನಾವು."

"ಒಳ್ಳೇ ಮಾತು! ಬಸ್ಸಲ್ಲಿ ಕೂತಿರ್ತೀರಾ, ಊರು ಬಂತು ಅಂತ ಎದ್ದೇಳಲ್ವಾ? ಊರೇನು ನಡ್ಕೊಂಡು ಬರುತ್ತಾ?"

"ಕನ್ನಡದಲ್ಲಿ ಬರುತ್ತೆ ಸ್ವಾಮಿ. ಇಂಗ್ಲಿಷ್‌ನಲ್ಲಿ ಊರು ಕೂತಲ್ಲೇ ಕೂತಿರುತ್ತೆ, ನಾವೇ ಹೋಗಬೇಕು. ಗೆಟ್ ಡೌನ್ ಅಂದ್ರೆ ಯಾರೋ ಗುಂಡು ಹಾರಿಸ್ತಿದ್ದಾರೆ, ಬಗ್ಗಿ ಅನ್ನೋ ಹಾಗೆ. 'ಫಿಫ್ತ್ ಫ್ಲೋರ್' ಅಂತ ಎರಡೇ ಮಾತು ಸಾಕು."

"ಎರಡು ಮಾತಿಗೆ ನಾನ್ಯಾಕಮ್ಮ ಇಷ್ಟು ದೂರ ಬರ್ಲಿ? ಸರಿ, ಬೇರೇದು ಏನಾದ್ರೂ ಮಾಡ್ಕೊಳ್ಳಿ. ಡೂ ದಿ ನೀಡ್‌ಫುಲ್ ಮಾತ್ರ ಮುಟ್ಟಬೇಡಿ."

"ಲಿಫ್ಟಿಂದ ಇಳಿದ ಮೇಲೆ ಏನು ನೀಡ್‌ಫುಲ್ ಮಾಡ್ಬೇಕು ಅವರು?"

ಸಾಹುಕಾರರು ಅಷ್ಟು ಹೊತ್ತಿನ ಗತ್ತು ಬಿಟ್ಟು ಹೇಳಿದರು. "ನಾನು ಮೆಕ್ಯಾನಿಕ್ ಆಗಿದ್ದಾಗ ದೊಡ್ಡ ಆಫೀಸಿನಿಂದ ಬರೋ ಪ್ರತಿ ಕಾಗದದ ಕೊನೇಲೂ ಅದೇ ಇರ್ತಿತ್ತು. ನಾನು ಸಾಹುಕಾರ ಆದ ದಿನ ಮೊದಲ ಕಾಗದ ಬರೆಸಿದೆ. ಕೊನೇ ಸಾಲು ನಾನೇ ಹೇಳಿ ಬರೆಸಿದ್ದು. ಅದನ್ನ ತೆಗೀ ಅಂದ್ರೆ ನನ್ನ ಬೋರ್ಡು ಕಿತ್ತು ಹಾಕು ಅಂದ ಹಾಗೆ. ಆಗಲ್ಲ ಅಂದ್ರೆ ಬಿಡಿ, ಮಾತಾಡೋ ಡಬ್ಬೀನೇ ಬೇಡ. ಟಿಂಗ್ ಅನ್ನೋ ಗಂಟೆ ಹಾಕ್ತೀನಿ. ಅದಕ್ಕೆ ಯಾವ ಗ್ರಾಮರ್ರೂ ಬೇಕಾಗಿಲ್ಲ."

ಬಾಸ್ ಗಾಜಿನಾಚೆಯಿಂದ ಅಕ್ಕನಿಗೆ ಕೈಮುಗಿದರು. ಅಕ್ಕ ಬಾಸ್ ಕಡೆ ನೋಡಲಿಲ್ಲ. ಟಿಂಗ್ ಎನ್ನುವ ಗಂಟೆಗೆ ಮೂರನೇ ಮಹಡಿಯೂ ಒಂದೇ, ಐದನೆಯದೂ ಒಂದೇ. ಅತ್ತೆ ಕಿಟಕಿಯಲ್ಲೇ ಉಳಿಯುತ್ತಾರೆ. ಅಕ್ಕ ಒಂದೊಂದೇ ಬಳೆ ಬಿಚ್ಚಿ ಡಬ್ಬಿಗೆ ಹಾಕಿದರು. "ಫ್ಯಾನ್ ಆಫ್ ಮಾಡು ಕಿವಿ. ಬರೆದಿದ್ದು ಬರೆದ ಹಾಗೇ ಓದ್ತೀನಿ. ಆದ್ರೆ ಬಾಗಿಲ ಪರೀಕ್ಷೆ ಆಗದೆ ಪಾಸ್ ಮಾಡಲ್ಲ."

ನಾನು ನಂಬಲಿಲ್ಲ. ಆದರೆ ಹೆಡ್‌ಫೋನು ಸುಳ್ಳು ಹೇಳುವುದಿಲ್ಲ. ಒಂದರಿಂದ ಆರರವರೆಗೆ ಎಲ್ಲ ಮಹಡಿಗಳೂ ಒಂದೊಂದಾಗಿ ಬಂದವು, ಎಲ್ಲ ಮಹಡಿಯಲ್ಲೂ ಡೂ ದಿ ನೀಡ್‌ಫುಲ್ ಆಯಿತು. ಎಷ್ಟು ಚೆನ್ನಾಗಿ ಓದಿದರೆಂದರೆ, ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೂ ಎದ್ದು ಏನಾದರೂ ಮಾಡಿಬಿಡೋಣ ಎನ್ನಿಸಿತು ನನಗೆ.

ಬಾಗಿಲ ಪರೀಕ್ಷೆ ಎನ್ನುವುದು ದನಿಯಕ್ಕನ ಪದ್ಧತಿ. ರೆಕಾರ್ಡಾದ ಮಾತನ್ನು ಅದು ಬಾಳಬೇಕಾದ ಜಾಗಕ್ಕೇ ಒಯ್ದು, ಅದನ್ನು ಕೇಳಬೇಕಾದ ಮನುಷ್ಯರಿಗೇ ಕೇಳಿಸಬೇಕು. ಪರೀಕ್ಷೆಯ ಹೊತ್ತಿಗೆ ಬೇರೆ ಯಾರೂ ಬಾಯಿ ಬಿಡಬಾರದು, ಕೈ ತೋರಿಸಬಾರದು. ಇಲ್ಲಿ ಕೇಳಬೇಕಾದ ಮನುಷ್ಯರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹೊಸ ಲಿಫ್ಟು ಓಡಲು ಶುರುವಾದ ದಿನ ಸಂಜೆ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಕೆಳಗೆ ತಯಾರಾಗಿ ನಿಂತರು. ಅವರನ್ನು ಒಳಗೆ ಕಳಿಸಲು ಸಾಹುಕಾರರು ಕೆಳಗೆ. ನಾನೂ ಅಕ್ಕನೂ ಐದನೇ ಮಹಡಿಯಲ್ಲಿ.

ಲಿಫ್ಟು ಬಂತು. ಬಾಗಿಲು ತೆರೆಯಿತು. ಒಳಗೆ ಅತ್ತೆ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತಿದ್ದಾರೆ. "ರೆಸ್ಪೆಕ್ಟೆಡ್ ಸರ್ ಆರ್ ಮೇಡಂ" ಎಂದು ಶುರುವಾಯಿತು. "ಫಿಫ್ತ್" ಎಂದಾಗ ಅತ್ತೆಯ ಮುಖ ಅರಳಿತು. ಆದರೆ ಕಾಲು ಎತ್ತಲಿಲ್ಲ. ಮಾತು ನಡೆಯುತ್ತಲೇ ಇತ್ತು. ಅತ್ತೆ ತಲೆದೂಗುತ್ತಾ ಕೇಳಿದರು. ನೀಡ್‌ಫುಲ್ ಮುಗಿದು ಒಂದು ಕ್ಷಣ ಬಿಟ್ಟು, "ಆಯ್ತಮ್ಮ" ಎಂದು ಹೇಳಿ ಅವರು ಕಾಲು ಮುಂದಿಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು. ಲಿಫ್ಟು ಅವರನ್ನು ಹೊತ್ತು ಕೆಳಗೆ ಹೊರಟಿತು.

"ಓಡೋ!" ಎಂದರು ಅಕ್ಕ.

ನಾನು ಮೆಟ್ಟಿಲಿಳಿದು ಓಡಿದೆ. ಶಾಲೆಯಲ್ಲಿ ಓಟದ ಸ್ಪರ್ಧೆಯಲ್ಲಿ ನನಗೆ ಸದಾ ಚಪ್ಪಾಳೆ ತಟ್ಟುವ ಪಾಲು ಬರುತ್ತಿತ್ತು. ಲಿಫ್ಟು ನನಗಿಂತ ಮುಂಚೆ ಕೆಳಗಿಳಿದಿತ್ತು. ಸಾಹುಕಾರರು "ಇಳೀಲಿಲ್ವಾ ಅಮ್ಮ?" ಎಂದು ಕೇಳುವುದು ಮೆಟ್ಟಿಲ ಸಂದಿಯಲ್ಲಿ ನನಗೆ ಕೇಳಿಸಿತು.

"ಅವಳು ಮಾತಾಡ್ತಾ ಇದ್ಲಪ್ಪ. ನಡುವೆ ಬಿಟ್ಟು ಹೋಗೋಕಾಗುತ್ತಾ?"

"ಅಮ್ಮ, ಅದು ರೆಕಾರ್ಡು."

"ಗೊತ್ತು. ನನಗೆ ಹೋಗಿರೋದು ಕಣ್ಣು, ಬುದ್ಧಿಯಲ್ಲ. ಆದ್ರೆ ದನಿ ಅವಳದೇ ತಾನೆ? ರೆಕಾರ್ಡಾದ್ರೂ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಹೊರಟು ಹೋಗ್ಬಾರ್ದು."

ನನಗೆ ಎದೆ ಹಗುರಾಯಿತು. ನನ್ನ ಹಾಗೆ ಈ ದನಿಗೆ ಮರ್ಯಾದೆಯಿಂದ ಉತ್ತರ ಕೊಡುವ ಎರಡನೇ ಮನುಷ್ಯರು ಸಿಕ್ಕಿದ್ದರು.

ಈ ಸಲ ಸಾಹುಕಾರರೂ ಜೊತೆಗೆ ಹತ್ತಿದರು. ಮೂರನೇ ಮಹಡಿಯಲ್ಲಿ ಮೇಷ್ಟ್ರು ಗುಂಡಿ ಒತ್ತಿದ್ದರಿಂದ ಲಿಫ್ಟು ಅಲ್ಲಿ ನಿಂತಿತು. ಏದುಸಿರು ಬಿಡುತ್ತಾ ಅಲ್ಲಿಗೆ ತಲುಪಿದ್ದ ನಾನೂ ಮೇಷ್ಟ್ರ ಹಿಂದೆ ಒಳಗೆ ನುಗ್ಗಿದೆ. ಥರ್ಡ್ ಫ್ಲೋರ್ ಬಂದದ್ದನ್ನೂ, ನಾವು ಕ್ಷೇಮವಾಗಿ ಇಳಿಯಬೇಕೆಂಬುದನ್ನೂ ನಾಲ್ವರೂ ಸುಮ್ಮನೆ ನಿಂತು ಪೂರ್ತಿ ಕೇಳಿದೆವು.

"ಇಷ್ಟು ಹೊತ್ತು ಏನು ಹೇಳ್ತಾಳಪ್ಪ ಇವಳು?" ಎಂದು ಅತ್ತೆ ಕೇಳಿದರು.

ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಮಾನ್ಯರೇ, ಮೂರನೇ ಮಹಡಿ ಬಂದಿದೆ. ದಯವಿಟ್ಟು ಜೋಪಾನವಾಗಿ ಇಳಿದು, ಆಗಬೇಕಾದ್ದನ್ನ ಮಾಡಿ ಅಂತ."

"ಆಗಬೇಕಾದ್ದು ಅಂದ್ರೆ?"

"ಅಂದ್ರೆ... ಅದು... ಅವರವರಿಗೆ ಬಿಟ್ಟಿದ್ದು."

"ನನಗೆ ಆಗಬೇಕಾದ್ದು ಮನೆ ಸೇರೋದು. ಅದನ್ನ ಮಾಡೋಕೆ ಇವಳು ಬಾಯಿ ಮುಚ್ಚಬೇಕಲ್ಲಪ್ಪ."

ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಐದನೇ ಮಹಡಿ ಬಂದಾಗ ಸಾಹುಕಾರರು ಬಾಗಿಲಿಗೆ ತಮ್ಮ ಕಾಲು ಅಡ್ಡ ಇಟ್ಟರು. ಅತ್ತೆ ಮಾತು ಮುಗಿಯುವವರೆಗೂ ನಿಂತು, "ಆಯ್ತಮ್ಮ" ಎಂದು ಹೇಳಿಯೇ ಇಳಿದರು.

ಮಾತುಕತೆ ಐದನೇ ಮಹಡಿಯ ಮೆಟ್ಟಿಲ ಬಳಿ ನಡೆಯಿತು. ಬಾಗಿಲು ಇನ್ನಷ್ಟು ಹೊತ್ತು ತೆರೆದಿರುವಂತೆ ಮಾಡುತ್ತೇನೆ ಎಂದರು ಸಾಹುಕಾರರು. ಹಾಗಾದರೆ ಪ್ರತಿ ಮಹಡಿಯಲ್ಲೂ ಭಾಷಣ ಕೇಳುವ ಬದಲು ತಾವು ಮೆಟ್ಟಿಲನ್ನೇ ಹತ್ತುವುದಾಗಿ ಮೇಷ್ಟ್ರು ಹೇಳಿದರು. ಸಾಹುಕಾರರು ಜೇಬಿನಿಂದ ಆ ಕಾಗದ ತೆಗೆದರು. ನೋಡಿದರು. ಮತ್ತೆ ನಾಲ್ಕಾಗಿ ಮಡಚಿದರು. ಗೆದ್ದದ್ದು ಅಕ್ಕನೇ ಆದರೂ ಆ ಮುಖ ನೋಡಿ ನನಗೇ ಪಾಪ ಎನ್ನಿಸಿತು.

"ನಿಮ್ಮ ಸಾಲಿಗೆ ಜಾಗ ಇದೆ" ಎಂದರು ಅಕ್ಕ. "ಲಿಫ್ಟ್ ನಡುವೆ ಕೆಟ್ಟು ನಿಂತಾಗ. ಒಳಗೆ ಸಿಕ್ಕಿಬಿದ್ದೋರಿಗೆ ಆಗ ಎಷ್ಟು ಉದ್ದ ಮಾತಾಡಿದ್ರೂ ಕಡಿಮೇನೆ. 'ರೆಸ್ಪೆಕ್ಟೆಡ್ ಸರ್ ಆರ್ ಮೇಡಂ, ಲಿಫ್ಟ್ ಹ್ಯಾಸ್ ಸ್ಟಾಪ್ಡ್. ವಿ ವಿಲ್ ಡೂ ದಿ ನೀಡ್‌ಫುಲ್' ಅಂತ ಓದ್ತೀನಿ. ಇಳಿಯೋರು ಮಾಡೋದಕ್ಕೇನಿದೆ? ಮಾಡೋರು ನೀವು."

ಸಾಹುಕಾರರು ಸೆಟೆದು ನಿಂತರು. "ನನ್ನ ಲಿಫ್ಟ್ ಕೆಡಲ್ಲಮ್ಮ!"

"ಹಾಗಾದ್ರೆ ನಿಮ್ಮ ಸಾಲು ಕೇಳೋ ಪುಣ್ಯ ಯಾರಿಗೂ ಇಲ್ಲ."

ಸಾಹುಕಾರರು ಲಿಫ್ಟಿನ ಬಾಗಿಲನ್ನು ನೋಡಿದರು, ಕಾಗದವನ್ನು ನೋಡಿದರು. ಗಲ್ಲ ಕೆರೆದುಕೊಂಡರು. "ವರ್ಷಕ್ಕೊಂದ್ಸಲ ಕೆಡುತ್ತೆ ಅಂತ ಇಟ್ಕೊಳ್ಳಿ" ಎಂದರು.

ಈಗ ಆ ಲಿಫ್ಟು ಪ್ರತಿ ಮಹಡಿಯಲ್ಲೂ ಎರಡೇ ಮಾತಾಡುತ್ತದೆ. ಅತ್ತೆ ಸಂಜೆಯಾದರೆ ಒಬ್ಬರೇ ಕೆಳಗೆ ಹೋಗುತ್ತಾರೆ. "ಫಿಫ್ತ್ ಫ್ಲೋರ್" ಎಂದು ಕೇಳಿದ ಕೂಡಲೇ, "ಬಂದೆ ಕಣೇ" ಎಂದು ಉತ್ತರ ಕೊಟ್ಟು ಇಳಿಯುತ್ತಾರೆ. ಬೆಂಚಿನ ಕಲಾಪಗಳೂ ಹಿಂದಿನ ಬಿಸಿಗೆ ಮರಳಿವೆ. ಈ ನಡುವೆ ಒಮ್ಮೆ ಕರೆಂಟು ಹೋಗಿ ಲಿಫ್ಟು ನಡುವೆಯೇ ನಿಂತಾಗ ಒಳಗಿದ್ದವರು ಮೇಷ್ಟ್ರು. ಬ್ಯಾಟರಿಯ ಮೇಲೆ ಆ ಉದ್ದನೆಯ ಸಾಲು ಮತ್ತೆ ಮತ್ತೆ ಬರುತ್ತಿದ್ದದ್ದರಿಂದ ತಮಗೆ ಎಷ್ಟೋ ಧೈರ್ಯವಾಯಿತೆಂದು ಅವರೇ ಹೇಳಿದರು. ಲಿಫ್ಟು ನಿಂತ ಸುದ್ದಿ ಕೇಳಿ ಓಡಿ ಬಂದ ಸಾಹುಕಾರರು, ಬಾಗಿಲು ಬಿಡಿಸುವ ಮುಂಚೆ ಹೊರಗೆ ಕಿವಿಗೊಟ್ಟು ನಿಂತು ಒಂದು ಸಲ ಪೂರ್ತಿ ಕೇಳಿದರಂತೆ.

ಇದನ್ನೆಲ್ಲ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ತಪ್ಪು ಇಂಗ್ಲಿಷನ್ನು ನಾಲಿಗೆಯ ಮೇಲೂ ಇಟ್ಟುಕೊಳ್ಳದ ಹೆಂಗಸು ಅತ್ತೆಯ ಮೇಲಿನ ಪ್ರೀತಿಗಾಗಿ ತನ್ನ ಹಟವನ್ನೇ ನುಂಗಿಕೊಂಡಳು ಎಂದು ಹೇಳುವಾಗ ದನಿಯನ್ನು ಬೇಕೆಂದೇ ಇಳಿಸುತ್ತಿದ್ದೆ. ಮೊನ್ನೆ ಅಕ್ಕ ಮೈಕಿನ ಕೋಣೆಗೆ ಹೋಗುವ ಮುಂಚೆ ಬಳೆ ಬಿಚ್ಚುತ್ತಿದ್ದರು. ನಾನು ಡಬ್ಬಿ ಹಿಡಿದು ನಿಂತಿದ್ದೆ. ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಅವತ್ತು ಸಾಹುಕಾರರ ಸಾಲು ಹಾಗೇ ಓದೋಕೆ ಒಪ್ಪಿದ್ರಲ್ಲ, ಅತ್ತೆ ಮೇಲೆ ಅಷ್ಟೊಂದು ಪ್ರೀತೀನಾ ನಿಮಗೆ?"

ಅಕ್ಕ ಕೊನೆಯ ಬಳೆಯನ್ನು ಡಬ್ಬಿಗೆ ಹಾಕಿದರು.

"ಪ್ರೀತಿ ಇದೆಯಪ್ಪ, ಇಲ್ಲ ಅನ್ನಲ್ಲ. ಆದ್ರೆ ದಿನವೆಲ್ಲ ಇಲ್ಲಿ ಊರೋರಿಗೆಲ್ಲ ಮಾತಾಡಿ ಮನೆಗೆ ಹೋದ್ರೆ, ಕಿಟಕೀಲಿ ಏನು ಕಾಣ್ತಿದೆ ಹೇಳು, ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ ಹೇಳು ಅಂತ ಮಲಗೋವರೆಗೂ ಮಾತಾಡಿಸ್ತಾರೆ. ಅವರು ಕೆಳಗಿದ್ದಷ್ಟು ಹೊತ್ತು ನಾನು ಬಾಯಿ ಮುಚ್ಕೊಂಡು ಕೂತಿರಬಹುದು. ಅದಕ್ಕೆ ಓದಿದೆ. ಫ್ಯಾನ್ ಆಫ್ ಮಾಡು."